ಆಚಾರ್ರ ಕೈಗುಣ ಮತ್ತು ಮಧ್ಯಾಹ್ನ ಬೀಳುವ ಕರ್ನಲ್

ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಕಂಪ್ಯೂಟರಿನಿಂದ ಅಂಥಾ ತೊಂದರೆ ಏನಿಲ್ಲ. ಅದರ ಮುಂದೆ ಕೂತವರು, ಹಿಂದೆ ನಿಂತವರು, ಪಕ್ಕದಿಂದ ಬಾಯಿ ಹಾಕುವವರು, ಎಲ್ಲಾ ಇವರಿಂದಲೇ. ಹೊಸಪೇಟೆಯಲ್ಲಿ ಅಂಗಡಿ ಇಟ್ಟಾಗಿನಿಂದ ನನಗೆ ಇಂಥವು ತಪ್ಪಿದ್ದೇ ಇಲ್ಲ. ಒಂದು ವಾರ ಏನೂ ಆಗಲಿಲ್ಲ ಅಂದರೆ ನನಗೇ ಭಯ ಆಗುತ್ತೆ, ಬಾಕಿ ಎಲ್ಲಾ ಸೇರಿ ಒಂದೇ ದಿನ ಬರುತ್ತೆ ಅಂತ.

ನಾನು ಹೇಳೋದು ಅದಿರಿನ ಭರಾಟೆಯ ಕಾಲದ ಮಾತು. ರಸ್ತೆ ಕೆಂಪು, ಮರ ಕೆಂಪು, ಎಮ್ಮೆ ಕೂಡ ಕೆಂಪು. ಕಂಪ್ಯೂಟರ್ ಡಬ್ಬಿ ಬಿಚ್ಚಿದರೆ ಒಳಗೆ ಮುಷ್ಟಿ ತುಂಬಾ ಅದಿರು ಸಿಗುತ್ತಿತ್ತು. ಆ ಕಾಲದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಒಂದೇ ಒಂದು ಮಷೀನು. ಅದರ ಕಥೆನೇ ಇವೆಲ್ಲ.

ಕೈಗುಣ

ಸಂಡೂರು ರಸ್ತೆಯಲ್ಲಿ ಒಬ್ಬ ಸಾಹುಕಾರರ ವೇಬ್ರಿಜ್ ಇತ್ತು. ಅದಿರು ತುಂಬಿದ ಲಾರಿ ಕಬ್ಬಿಣದ ಹಲಗೆ ಹತ್ತಿ ನಿಲ್ಲಬೇಕು. ಪಕ್ಕದ ಕೋಣೆಯ ಕಂಪ್ಯೂಟರ್ ತೂಕ ತೋರಿಸಬೇಕು, ಕ್ಯಾಮೆರಾ ಡ್ರೈವರನ ಫೋಟೊ ಹಿಡೀಬೇಕು, ಚೀಟಿ ಪ್ರಿಂಟಾಗಬೇಕು, ಲಾರಿ ಹೊರಡಬೇಕು. ಕಂಪ್ಯೂಟರ್ ಕೊಟ್ಟವನು ನಾನೇ, ಒಳಗಿನ ಪ್ರೋಗ್ರಾಮ್ ಬರೆದವನೂ ನಾನೇ. ಬಟನ್ನುಗಳಿಗೆಲ್ಲ ಅಚ್ಚ ಕನ್ನಡದ ಹೆಸರು ಇಟ್ಟಿದ್ದೀನಿ ಅಂತ ಭಾಳ ಹೆಮ್ಮೆ ಬೇರೆ.

ಮಷೀನಿನ ಮುಂದೆ ಕೂರುತ್ತಿದ್ದವರು ಆಚಾರ್ರು. ಹೊಸಪೇಟೆಯ ವೈಷ್ಣವರು, ಹಣೆಗೆ ಅಂಗಾರ ಅಕ್ಷತೆ ತಪ್ಪಿದ್ದಲ್ಲ. ವಯಸ್ಸಾಗಿತ್ತು, ಆದರೆ ಕಣ್ಣು, ಕಿವಿ, ಬಾಯಿ ಮೂರೂ ಚುರುಕು. ಯಾವ ಡ್ರೈವರನ ಹೆಂಡತಿ ಬಾಣಂತಿ, ಯಾವನ ಬ್ರೇಕು ಸರಿ ಇಲ್ಲ, ಎಲ್ಲಾ ಅವರಿಗೆ ಗೊತ್ತು. ನನ್ನನ್ನು 'ತಮ್ಮಾ' ಅನ್ನುತ್ತಿದ್ದರು. ಸಾಹುಕಾರರು ಮಾತ್ರ ನನ್ನ ಹೆಸರು ಕಲಿಯುವ ಗೋಜಿಗೇ ಹೋಗದೆ 'ಕಂಪ್ಯೂಟರ್' ಅಂತಲೇ ಕರೆಯುತ್ತಿದ್ದರು.

ರೋಗ ಏನಂದರೆ, ಮಷೀನು ಬೆಳಿಗ್ಗೆ ಕುದುರೆಯ ಹಾಗೆ ಓಡೋದು, ಮಧ್ಯಾಹ್ನ ಊಟದ ಹೊತ್ತಿಗೆ ಧೊಪ್ ಅಂತ ಬೀಳೋದು. ಪರದೆ ತುಂಬ ಇಂಗ್ಲಿಷ್ ಅಕ್ಷರ, ಅಂಕಿ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ. ಅಷ್ಟರಲ್ಲಿ ಲಾರಿ ಸಾಲು ತಿರುವು ದಾಟಿರೋದು, ಹಾರ್ನು ಸಂಡೂರಿಗೆ ಕೇಳಿಸೋದು.

ತಮಾಷೆ ಅಂದರೆ, ನಾನು ಹೋಗಿ ಆಚಾರ್ರ ಕುರ್ಚಿಯಲ್ಲಿ ಕೂತು ದಿನವಿಡೀ ತೂಕ ಮಾಡಿದರೆ ಏನೂ ಆಗುತ್ತಿರಲಿಲ್ಲ. ಸಾಹುಕಾರರು ಇದನ್ನು ಗಮನಿಸಿದರು.

"ನೀ ಕುಂತ್ರ ನಡಿತೈತಿ. ಆಚಾರ್ರು ಕುಂತ್ರ ನಿಂದರ್ತೈತಿ. ಇದು ಮಷೀನಿನ ರೋಗ ಅಲ್ಲ, ಕೈಗುಣ," ಅಂದರು. "ನೋಡ್ರಿ ಇಬ್ಬರೂ. ಅದಿರು ಕೊಳ್ಳೋ ದೊಡ್ಡ ಪಾರ್ಟಿ ಒಂದು ಬರೋದೈತಿ, ನಮ್ಮ ಮಾಲು ಎಷ್ಟು ಜಲ್ದಿ ಹೊರಗ ಹೋಗ್ತೈತಿ ಅಂತ ಕಣ್ಣಾರೆ ನೋಡಾಕ. ಅವತ್ತು ಏನಾರ ಈ ಕೋಣಿಯೊಳಗ ಕೆಲಸ ನಿಂತ್ರ, ಆಚಾರ್ರು ಮನಿಗೆ. ನೀನೂ ನಿನ್ನ ಡಬ್ಬಿ ಎತ್ಕೊಂಡು ಮನಿಗೆ."

ನನ್ನದೇನು, ಇನ್ನೊಂದು ಕಡೆ ಡಬ್ಬಿ ಇಟ್ಟೇನು. ಆಚಾರ್ರ ಮುಖ ಮಾತ್ರ ಸಣ್ಣಗಾಯಿತು. ಸಾಹುಕಾರರು ಹೋದ ಮೇಲೆ, "ತಮ್ಮಾ, ನನಗ ಈ ಲಾರಿ ಸಪ್ಪಳ ಇಲ್ದಿದ್ರ ಊಟ ಸೇರೂದಿಲ್ಲೋ. ಮನ್ಯಾಗ ಕೂತು ಏನ್ ಮಾಡ್ಲಿ?" ಅಂದರು. ಮೇಜಿನ ಕೆಳಗೆ ಬಗ್ಗಿ ವೈರು ನೋಡಿದ ಹಾಗೆ ಮಾಡಿದೆ. ಅಲ್ಲಿ ಇಣುಕಿದರೆ ಮಷೀನಿಗೆ ಯಾರೋ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು.

"ಯಾರ್ರಿ ಕಟ್ಟಿದ್ದು?" ಅಂದೆ.

"ಸಾಹುಕಾರ್ರು," ಅಂದರು ಆಚಾರ್ರು. "ಮಷೀನಿಗೆ ನನ್ನ ದೃಷ್ಟಿ ತಾಗಬಾರದು ಅಂತ."

ಬಸ್ಸಿನಲ್ಲಿ ನಂಬರು

ಕಂಪ್ಯೂಟರಿನ ಒಳಗೆ ಕರ್ನಲ್ ಅಂತ ಒಬ್ಬ ಯಜಮಾನ ಇರುತ್ತಾನೆ. ಬಂದ ಕೆಲಸಗಳಿಗೆಲ್ಲ ಮೆಮೊರಿಯಲ್ಲಿ ಎಲೆ ಹಾಕಿ ಕೂರಿಸೋದು ಅವನ ಕೆಲಸ, ಮದುವೆ ಮನೆಯ ಪಂಕ್ತಿಯ ಹಾಗೆ. ಜಾಗ ಸಾಲದೆ ಬಂದರೆ ಯಾರನ್ನಾದರೂ ಎಬ್ಬಿಸಿ ಕಳಿಸುತ್ತಾನೆ. ಎಬ್ಬಿಸಲಿಕ್ಕೂ ಯಾರೂ ಸಿಗಲಿಲ್ಲ ಅಂದರೆ ಗಾಬರಿಯಾಗಿ ತಾನೇ ಬಿದ್ದುಬಿಡುತ್ತಾನೆ. ಬೀಳುವ ಮುಂಚೆ ಯಾಕೆ ಬಿದ್ದೆ ಅಂತ ಪರದೆಯ ಮೇಲೆ ಬರೆದಿಟ್ಟಿರುತ್ತಾನೆ. ಅದನ್ನು ಓದಿದರೆ ಅರ್ಧ ರೋಗ ಗೊತ್ತಾದ ಹಾಗೆ.

ಹಾಗಾಗಿ ಆಚಾರ್ರಿಗೆ ಹೇಳಿದ್ದೆ, ಈ ಸಲ ಬಿದ್ದರೆ ಆಫ್ ಮಾಡಬ್ಯಾಡ್ರಿ, ಮೊದಲು ನನಗೆ ಫೋನ್ ಮಾಡಿ ಪರದೆ ಮೇಲಿದ್ದಿದ್ದನ್ನ ಓದ್ರಿ ಅಂತ.

ಫೋನ್ ಬಂದಾಗ ನಾನು ತೋರಣಗಲ್ಲಿನಿಂದ ಹೊಸಪೇಟೆಗೆ ಬರುವ ಬಸ್ಸಿನಲ್ಲಿ ನಿಂತಿದ್ದೆ. ಶಿಫ್ಟು ಮುಗಿಸಿದ ಕಾರ್ಖಾನೆಯವರು ತುಂಬಿದ್ದರು, ಕಾಲಿಡಲು ಜಾಗ ಇಲ್ಲ. ಆಚಾರ್ರು ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ಓದುತ್ತಾ ಹೋದರು. ಗದ್ದಲದಲ್ಲಿ ತಪ್ಪಬಾರದು ಅಂತ ನಾನೂ ಜೋರಾಗಿ ತಿರುಗಿ ಹೇಳುತ್ತಾ ಹೋದೆ. "ಸಿ... ಸೊನ್ನೆ... ಒಂದು... ಏಳು... ನಾಕು... ಮುಂದ ಹೇಳ್ರಿ."

ಸ್ವಲ್ಪ ಹೊತ್ತಿನಲ್ಲಿ ಬಸ್ಸು ಪೂರಾ ತೆಪ್ಪಗಾಯಿತು. ಕಂಡಕ್ಟರ್ ಕೂಡ ಟಿಕೆಟ್ ಕೊಡೋದು ನಿಲ್ಲಿಸಿ ಕಿವಿ ಇಟ್ಟಿದ್ದ.

ಕೊನೆಗೆ ಆಚಾರ್ರು, "ತಮ್ಮಾ, ಇನ್ನೊಂದ್ ಸಾಲು ಅದ. ಅದನ್ನ ನಾ ಓದೂದಿಲ್ಲ," ಅಂದರು.

"ಯಾಕ್ರಿ?"

"ಅಶುಭ ಅದ ತಮ್ಮಾ. ಇವತ್ತು ಶನಿವಾರ, ಲಾರಿ ಎಲ್ಲಾ ಘಾಟಿನ್ಯಾಗ ಅವ. ಅಂಥಾ ಮಾತು ನನ್ನ ಬಾಯಾಗ ಬರಬಾರದು." ಅಷ್ಟಂದು ಮಷೀನು ಆಫ್ ಮಾಡಿಬಿಟ್ಟರು.

ಅದು ಯಾವ ಸಾಲು ಅಂತ ನನಗೆ ಗೊತ್ತು. ಮೆಮೊರಿ ಮುಗಿದಾಗ ಯಾವ ಕೆಲಸವನ್ನು ಕೊಂದೆ ಅಂತ ಕರ್ನಲ್ ಬರೆಯುವ ಸಾಲು. ನನಗೆ ಬೇಕಾಗಿದ್ದೇ ಆ ಹೆಸರು. ಇಂಗ್ಲಿಷಿನಲ್ಲಿ ಬರೆದ 'ಕೊಂದೆ'ಯನ್ನೂ ಮನುಷ್ಯ ಓದಲೊಲ್ಲ. ತಲೆ ತಲೆ ಬಡಿದುಕೊಂಡೆ. ಅಷ್ಟರಲ್ಲಿ ಪಕ್ಕದವನು ನನ್ನ ತೋಳು ಮುಟ್ಟಿ ಪಿಸುಗುಟ್ಟಿದ, "ಅಣ್ಣಾರ, ಓಸಿ ನಂಬರ್ ಏನ್ರಿ? ಓಪನ್ನೋ ಕ್ಲೋಸೋ?"

ಅವನು ಕೇಳಿದ್ದು ಮಟ್ಕಾ ಜೂಜಿನ ನಂಬರು. ಅಲ್ಲಪ್ಪಾ, ಇದು ಕಂಪ್ಯೂಟರ್ ಬಿದ್ದ ನಂಬರು ಅಂತ ಎಷ್ಟು ಹೇಳಿದರೂ ಒಬ್ಬನೂ ನಂಬಲಿಲ್ಲ. ಮರುದಿನ ಅದೇ ಬಸ್ಸು ಹತ್ತಿದೆ. ಇಬ್ಬರು ಎದ್ದು ನಿಂತು ನನಗೆ ಸೀಟು ಬಿಟ್ಟುಕೊಟ್ಟರು. ನಂಬರು ಹತ್ತಿತ್ತಂತೆ.

ತಣ್ಣಗೆ ನಿಂತದ್ದು

ಮೆಮೊರಿ ಸಾಲುತ್ತಿಲ್ಲ ಅನ್ನುವಷ್ಟು ಖಾತ್ರಿಯಾಯಿತು. ಸಾಹುಕಾರರಿಗೆ ಹೇಳಿದೆ. ಆ ಕಾಲದ ಸಾಹುಕಾರರಿಗೆ ಯಾವುದಾದರೂ ಸಾಲದು ಅಂದರೆ ಒಂದೇ ಉತ್ತರ. "ಸಾಲವಲ್ದಾ? ಇನ್ನೊಂದು ತಂದು ಹಾಕು."

ಹಾಕಿದೆ. ಆಮೇಲೆ ಆಚಾರ್ರನ್ನು ಕೇಳಿದೆ, ಹೆಂಗೈತ್ರಿ ಅಂತ.

"ಭಾಳ ಸುಧಾರಿಸ್ಯದ," ಅಂದರು. "ಮೊದಲು ನನ್ನ ಊಟಕ್ಕ ಮುಂಚೆ ಬೀಳ್ತಿತ್ತು. ಈಗ ನಾ ಉಂಡು, ಕೈ ತೊಳಕೊಂಡು ಬಂದ ಮ್ಯಾಲೆ ಬೀಳ್ತದ."

ಸಾಹುಕಾರರು ಅಷ್ಟಕ್ಕೇ ಬಿಡಲಿಲ್ಲ. ಮಷೀನಿಗೆ ಸೆಕೆ ಆಗುತ್ತಿರಬೇಕು ಅಂತ ಯಾರೋ ಅಂದರಂತೆ, ಆ ತಗಡಿನ ಕೋಣೆಗೆ ಎಸಿ ಹಾಕಿಸಿದರು. ಸಂಡೂರಿನ ಬಿಸಿಲಿನಲ್ಲಿ ಎಸಿ ಅಂದರೆ ಕೇಳಬೇಕೆ? ತೂಕಕ್ಕೆ ಬಂದ ಡ್ರೈವರು, ಕ್ಲೀನರು, ಬಂಡ್ರಿಯಿಂದ ಕೂಲಿಗೆ ಬಂದವರು, ಎಲ್ಲರಿಗೂ ಆ ಕೋಣೆಯಲ್ಲೇ ಕೆಲಸ. ಚೀಟಿ ಕೊಟ್ಟರೂ ಹೋಗುವವರಿಲ್ಲ. "ಪ್ರಿಂಟ್ ಸರಿ ಮೂಡಿಲ್ರಿ, ಇನ್ನೊಮ್ಮೆ ನೋಡ್ರಿ," ಅಂತ ಗೋಡೆಗೆ ಒರಗಿ ನಿಲ್ಲೋರು. ಆಚಾರ್ರು ಮಾತ್ರ ಮೇ ತಿಂಗಳಲ್ಲಿ ಶಾಲು ಹೊದ್ದು, ಕಿವಿಗೆ ಹತ್ತಿ ಇಟ್ಟುಕೊಂಡು, ಸೀನುತ್ತಾ ತೂಕ ಬರೆಯುತ್ತಿದ್ದರು.

ಮಷೀನು ಮಧ್ಯಾಹ್ನ ನಿಂತೇ ನಿಂತಿತು. ಆದರೆ ಈ ಸಲ ತಣ್ಣಗೆ ನಿಂತಿತು.

ಕಂಪ್ಲಿಯ ಪವಾಡ

ಇದೇ ಮಷೀನು, ಇದೇ ಪ್ರೋಗ್ರಾಮು, ಇಷ್ಟೇ ಮೆಮೊರಿ ಇನ್ನೊಂದು ಕಡೆ ಇತ್ತು. ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ. ಭತ್ತದ ಗಾಡಿ ತೂಗುತ್ತಿದ್ದರು. ಅಲ್ಲಿಂದ ಒಂದು ದಿನವೂ ದೂರು ಬಂದಿರಲಿಲ್ಲ. ಅಲ್ಲಿ ಯಾಕೆ ಬೀಳೋದಿಲ್ಲ ಅಂತ ತಿಳಿದರೆ ಇಲ್ಲಿ ಯಾಕೆ ಬೀಳುತ್ತೆ ಅಂತ ತಿಳಿಯುತ್ತಲ್ಲ, ಹೊರಟೆ.

ಲೆಕ್ಕ ನೋಡುತ್ತಿದ್ದ ಅಕ್ಕ ಒಬ್ಬರು ಚಹಾ ತರಿಸಿ ಕೂರಿಸಿದರು. "ಮಷೀನ್ ಒಮ್ಮೆನೂ ನಿಂತಿಲ್ಲೇನ್ರಿ ಅಕ್ಕಾರ?" ಅಂದೆ, ಒಳಗೊಳಗೇ ಖುಷಿಯಿಂದ.

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅದಕ್ಕ ನಿಂದರಾಕ ಪುರುಸೊತ್ತು ಎಲ್ಲೈತ್ರಿ? ಅದಕಿಂತ ಮೊದಲು ಕರೆಂಟೇ ನಿಂದರ್ತೈತಲ್ಲ."

ಹೇಳಿ ಬಾಯಿ ಮುಚ್ಚಿಲ್ಲ, ಕರೆಂಟು ಹೋಯಿತು. ಗಿರಣಿ ನಿಂತಿತು, ಫ್ಯಾನು ನಿಂತಿತು, ಮಷೀನೂ ಆಫ್. ಕತ್ತಲಲ್ಲಿ ಚಹಾ ಹಿಡಿದು ಕೂತ ನನಗೆ ಮಾತ್ರ ತಲೆಯೊಳಗೆ ದೀಪ ಹತ್ತಿತು. ಆಫ್ ಆಗಿ ಆನ್ ಆದಾಗಲೆಲ್ಲ ಮೆಮೊರಿ ತೊಳೆದಿಟ್ಟ ಪಾತ್ರೆ. ಎರಡೂ ಕಡೆ ಏನೋ ಒಂದು ತುಂಬುತ್ತಾ ಇರಬೇಕು. ಕಂಪ್ಲಿಯಲ್ಲಿ ತುಂಬುವ ಮೊದಲೇ ಕರೆಂಟು ಹೋಗಿ ಖಾಲಿ ಮಾಡುತ್ತೆ. ಸಂಡೂರು ರಸ್ತೆಯಲ್ಲಿ ಸಾಹುಕಾರರ ಜನರೇಟರು ಭರ್ತಿ ಓಡುತ್ತೆ, ಕರೆಂಟು ಹೋಗೋದೇ ಇಲ್ಲ, ತುಂಬಿ ತುಂಬಿ ಬೀಳುತ್ತೆ.

ನಾನು ಹಲ್ಲು ಕಿರಿದದ್ದು ಕತ್ತಲಲ್ಲೂ ಕಂಡಿತೋ ಏನೋ, ಅಕ್ಕ ಹೊರಗಿನವರಿಗೆ ಹೇಳಿದ್ದು ಕೇಳಿಸಿತು. "ಕರೆಂಟ್ ಹೋದ್ರ ಖುಷಿಪಡೋ ಮನುಷ್ಯಾನ್ನ ಇವತ್ತೇ ನೋಡಿದ್ದು ತಾಯಿ. ಚಹಾದಾಗ ಏನ್ ಹಾಕಿದ್ರಿ?"

ಮುಚ್ಚು

ಮರುದಿನ ಬೆಳಿಗ್ಗೆ ಆಚಾರ್ರ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. "ನಾ ಏನೂ ಮುಟ್ಟಂಗಿಲ್ಲ. ನೀವು ದಿನಾ ಹೆಂಗ ಮಾಡ್ತೀರೋ ಹಂಗ ಮಾಡ್ರಿ," ಅಂದೆ. ಇಷ್ಟು ದಿನ ನಾನೇ ಕುರ್ಚಿ ಹಿಡಿದು ಕೂರುತ್ತಿದ್ದೆನೇ ಹೊರತು ಅವರು ಮಾಡೋದನ್ನು ನೋಡಿರಲಿಲ್ಲ.

ಲಾರಿ ಬಂತು. ಪರದೆಯ ಮೇಲೆ ಆ ಲಾರಿಯ ಚೌಕ ತೆರೆಯಿತು. ನಂಬರು, ತೂಕ, ಮೇಲೆ ಡ್ರೈವರನ ಫೋಟೊ. ಚೀಟಿ ಪ್ರಿಂಟಾಯಿತು. ಈಗ ಚೌಕದ ಕೆಳಗಿನ ಬಟನ್ ಒತ್ತಬೇಕು. ನಾನು ಹೆಮ್ಮೆಯಿಂದ ಹೆಸರಿಟ್ಟ ಬಟನ್, 'ಮುಚ್ಚು'. ಅದನ್ನು ಒತ್ತಿದರೆ ಆ ಲಾರಿ ಮೆಮೊರಿಯಿಂದ ಇಳಿಯುತ್ತೆ. ನಾನು ಕೂತಾಗ ಪ್ರತಿ ಲಾರಿಗೂ ಒತ್ತುತ್ತಿದ್ದೆ.

ಆಚಾರ್ರು ಒತ್ತಲಿಲ್ಲ. ಚೌಕವನ್ನು ಮೆಲ್ಲಗೆ ಕೆಳಗಿನ ಪಟ್ಟಿಗೆ ಸರಿಸಿ ಮುಂದಿನ ಲಾರಿಗೆ ಹೊಸದು ತೆರೆದರು. ಅದನ್ನೂ ಸರಿಸಿದರು. ಅದರ ಮುಂದಿನದನ್ನೂ. ಬೆಳಿಗ್ಗೆಯಿಂದ ಹೋದ ಅಷ್ಟೂ ಲಾರಿ, ಅಷ್ಟೂ ಡ್ರೈವರರು ಫೋಟೊ ಸಮೇತ ಒಳಗೆ ಎಲೆ ಹಾಕಿಕೊಂಡು ಕೂತಿದ್ದಾರೆ. ಯಜಮಾನ ಗಾಬರಿಯಾಗದೆ ಇನ್ನೇನು ಮಾಡಬೇಕು?

"ಆಚಾರ್ರ, ಇದನ್ಯಾಕ ಮುಚ್ಚಂಗಿಲ್ರಿ?"

ಅವರು ಪರದೆಯ ಮೇಲೆ ಬೆರಳಿಟ್ಟರು. ಸಣ್ಣ ವಯಸ್ಸಿನ ಡ್ರೈವರೊಬ್ಬನ ಮುಖ, ಕಣ್ಣಲ್ಲಿ ನಿದ್ದೆ. "ನೋಡಿಲ್ಲಿ. ಗಾದಿಗನೂರಿನ ಹುಡುಗ. ಲೋಡು ತುಂಬಿಕೊಂಡು ಈಗ ಹಾದಿ ಹಿಡದಾನ. ಅವನ ಮುಖದ ಕೆಳಗ 'ಮುಚ್ಚು' ಅಂತ ಬರದಿ. ನಾ ಅದನ್ನ ಹ್ಯಾಂಗ ಒತ್ತಲೋ ತಮ್ಮಾ? ದೀಪ ಆರಿಸೂದಕ್ಕೂ ದೊಡ್ಡದು ಮಾಡು ಅಂತೀವಿ. ಹಾದ್ಯಾಗ ಇದ್ದ ಮನುಷ್ಯಾನ್ನ ಮುಚ್ಚು ಅನ್ನಬಹುದೇನು?"

"ಹಂಗಾರ ಇಂಗ್ಲಿಷ್‌ನಾಗ 'ಕ್ಲೋಸ್' ಅಂತ ಹಾಕ್ಲೇನ್ರಿ?"

"ಅದಂತೂ ಬ್ಯಾಡೇ ಬ್ಯಾಡ," ಅಂದರು ಗಾಬರಿಯಿಂದ. "ಆಸಾಮಿ ಕ್ಲೋಸ್ ಅಂದ್ರ ಏನರ್ಥ, ನಿನಗ ತಿಳೀದೇನು?"

ನನಗೆ ನಗು ಬಂತು. ನಾನು ಕರ್ನಲ್ಲಿನ ಹೊಟ್ಟೆ ಬಗೆದು ಹುಡುಕಿದ ರೋಗ ಈ ಮುದುಕರ ಪ್ರೀತಿಯಾಗಿತ್ತು. ಇಂಥವರನ್ನು ಮನೆಗೆ ಕಳಿಸಲು ಬಿಟ್ಟರೆ ನನಗೆ ಅನ್ನ ಸೇರೀತೆ?

"ಲಾರಿ ಹೊಂಟಾಗ ನೀವು ಬಾಯಿಂದ ಏನಂತೀರಿ?" ಅಂದೆ.

"ಅನ್ನೂದೇನು? ಹೋಗಿ ಬಾರಪ್ಪಾ ಅಂತೀನಿ."

ಅಲ್ಲೇ ಕೂತು ಬಟನ್ನಿನ ಹೆಸರು ಬದಲಿಸಿದೆ. 'ಹೋಗಿ ಬಾರಪ್ಪಾ.' ಅದನ್ನು ಒತ್ತದೆ ಮುಂದಿನ ಲಾರಿಯ ಚೌಕ ತೆರೆಯಲೇಬಾರದು ಅಂತ ಪ್ರೋಗ್ರಾಮಿನಲ್ಲಿ ಬಂದೋಬಸ್ತೂ ಮಾಡಿದೆ. ಆಚಾರ್ರು ಕನ್ನಡಕ ಒರೆಸಿ ಓದಿದರು, ಮೊದಲ ಸಲ ಮನಸಾರೆ ಒತ್ತಿದರು.

"ಈಗ ನೋಡು," ಅಂದರು, "ಮಷೀನಿಗೂ ಮಾತಾಡಲಿಕ್ಕೆ ಬಂತು."

ದೊಡ್ಡ ಪಾರ್ಟಿ

ಪಾರ್ಟಿ ಬರುವ ದಿನ ಬಂದೇ ಬಂತು. ಸಾಹುಕಾರರು ಅವರನ್ನು ಬೆಳಿಗ್ಗೆ ಹಂಪಿ ನೋಡಲಿಕ್ಕೆ ಕಳಿಸಿದ್ದರು. ಅವರು ಅಲ್ಲಿ ಕಲ್ಲು ಕಲ್ಲಿಗೂ ಫೋಟೊ ಹಿಡಿದುಕೊಂಡು ಬರುವಷ್ಟರಲ್ಲಿ ಮಧ್ಯಾಹ್ನ. ಸರಿಯಾಗಿ ಮಷೀನು ಬೀಳುವ ಹೊತ್ತು. ಕೋಣೆ ತುಂಬ ಜನ, ಬಿಳಿ ಅಂಗಿಯವರು, ಎಸಿ ಗರ್ರ್ ಅನ್ನುತ್ತಿದೆ. ಆಚಾರ್ರು ಶಾಲು ಹೊದ್ದು ಕುರ್ಚಿಯಲ್ಲಿ. ನಾನು ಬಾಗಿಲ ಹಿಂದೆ, ಇದ್ದಬದ್ದ ದೇವರನ್ನೆಲ್ಲ ನೆನೆಯುತ್ತಾ.

ಲಾರಿ ಬಂತು, ತೂಕ ಬಂತು, ಚೀಟಿ ಬಂತು. ಆಚಾರ್ರು ಕಿಟಕಿಯಿಂದ "ಹೋಗಿ ಬಾರಪ್ಪಾ" ಅಂದರು. ಡ್ರೈವರ್ "ಬರ್ತೀನ್ರಿ" ಅಂದ. ಟಕ್. ಮುಂದಿನ ಲಾರಿ. ಟಕ್. ಅದರ ಮುಂದಿನದು. ಮಷೀನು ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಗುತ್ತಿದೆ. ಪಾರ್ಟಿಯ ಹಿರಿಯರು ತಲೆದೂಗಿದರು. ಸಾಹುಕಾರರು ಮೀಸೆ ತಿರುವಿದರು. ಊಟದ ಹೊತ್ತು ದಾಟಿತು, ಬೀಳಲಿಲ್ಲ. ನಾನು ಉಸಿರು ಬಿಟ್ಟೆ.

ಬಿಟ್ಟೆ ನೋಡಿ, ಅಷ್ಟರಲ್ಲಿ ನಿಂತಿತು.

ಹಲಗೆಯ ಮೇಲೆ ತುಂಬಿದ ಲಾರಿ, ಚೀಟಿ ಡ್ರೈವರನ ಕೈಯಲ್ಲಿ, ಆದರೂ ಅದು ಹೊರಡುತ್ತಿಲ್ಲ, ಪರದೆ ಅಲುಗುತ್ತಿಲ್ಲ. ಹಿಂದಿನಿಂದ ಒಂದು ಹಾರ್ನು, ಎರಡು ಹಾರ್ನು, ಆಮೇಲೆ ಸಾಲಿಗೆ ಸಾಲೇ ಕೂಗತೊಡಗಿತು. ಸಾಹುಕಾರರ ಮುಖ ಅದಿರಿನ ಬಣ್ಣಕ್ಕೆ ತಿರುಗಿತು. "ಏ ಕಂಪ್ಯೂಟರ್," ಅಂದರು ಹಲ್ಲು ಕಚ್ಚಿ, "ಮತ್ತ ನಿಂತಿತಲ್ಲೋ."

ನಾನು ಜನರನ್ನು ತಳ್ಳಿಕೊಂಡು ಓಡಿದೆ. ಮೆಮೊರಿ ನೋಡಿದರೆ ಭರಪೂರ ಖಾಲಿ. ಕರ್ನಲ್ ಆರಾಮ. 'ಹೋಗಿ ಬಾರಪ್ಪಾ' ಬಟನ್ ಮಿಣಮಿಣ ಕಾಯುತ್ತಿದೆ. ಆಚಾರ್ರ ಕೈ ಮೌಸಿನ ಮೇಲೇ ಇದೆ.

"ಆಚಾರ್ರ, ಮಷೀನ್ ಯಾಕ ನಿಂತೈತ್ರಿ?" ನನಗೆ ಅಳು ಬರುವುದೊಂದು ಬಾಕಿ.

"ಮಷೀನ್ ನಿಂತಿಲ್ಲೋ ತಮ್ಮಾ, ನಾ ನಿಂತೀನಿ," ಅಂದರು ಆಚಾರ್ರು ಶಾಂತವಾಗಿ. "ನಾ ಹೋಗಿ ಬಾರಪ್ಪಾ ಅಂದೆ. ಅವ ಬರ್ತೀನಿ ಅನ್ನಲಿಲ್ಲ. ಅನ್ನಲಿ, ಒತ್ತತೀನಿ. ಬರ್ತೀನಿ ಅನ್ನದವನ್ನ ಆ ಘಾಟಿಗೆ ನಾ ಹ್ಯಾಂಗ ಕಳಸ್ಲಿ?"

ಕಿಟಕಿಯಿಂದ ಇಣುಕಿದೆ. ಡ್ರೈವರನ ಎರಡೂ ಕೆನ್ನೆ ಊದಿವೆ. ಬಾಯಿ ತುಂಬ ಗುಟ್ಕಾ. ಕಬ್ಬಿಣದ ಹಲಗೆಯ ಮೇಲೆ ಉಗುಳಿದರೆ ದಂಡ ಹಾಕುತ್ತೀನಿ ಅಂತ ಸಾಹುಕಾರರೇ ಹಿಂದಿನ ವಾರ ಹೆದರಿಸಿದ್ದರು. ಪಾಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಆಚಾರ್ರ ಕಡೆ ನೋಡಿ ಕೈ ಮುಗಿಯುತ್ತಾನೆ, ಕತ್ತು ಆಡಿಸುತ್ತಾನೆ, "ಉಂ, ಉಂ" ಅನ್ನುತ್ತಾನೆ. ಆಚಾರ್ರು ಒಪ್ಪುತ್ತಿಲ್ಲ. "ಬಾಯಿ ಬಿಟ್ಟು ಅನ್ನಪ್ಪಾ," ಅನ್ನುತ್ತಾರೆ.

ವಿಷಯ ತಿಳಿದ ಸಾಹುಕಾರರು ನನ್ನನ್ನು ಸರಿಸಿ ಕಿಟಕಿಗೆ ತಲೆ ತೂರಿಸಿದರು. ಮೈನ್ಸಿನ ಧಣಿ, ಕೊರಳಲ್ಲಿ ಬೆರಳುದಪ್ಪ ಸರ, ಹಿಂದೆ ದೊಡ್ಡ ಪಾರ್ಟಿ. ಅಂಥವರು ಊರಿಗೆ ಕೇಳಿಸುವ ಹಾಗೆ ಅರಚಿದರು. "ಉಗುಳಲೇ, ನನ್ನ ಹಲಗಿ ಮ್ಯಾಲೇ ಉಗುಳು. ದಂಡ ಇಲ್ಲ ಏನಿಲ್ಲ. ಉಗುಳಿ ಬರ್ತೀನಿ ಅನ್ನಲೇ ನಮ್ಮಪ್ಪಾ."

ಡ್ರೈವರ್ ಉಗುಳಿದ. ಹಲಗೆ ಇನ್ನಷ್ಟು ಕೆಂಪಾಯಿತು. "ಬರ್ತೀನ್ರೀ ಆಚಾರ್ರಾ," ಅಂದ.

"ಹೋಗಿ ಬಾರಪ್ಪಾ." ಟಕ್. ಲಾರಿ ಹೊರಟಿತು.

ಅದು ಹೇಗೋ ಸುದ್ದಿ ಸಾಲಿನ ಕೊನೆಯವರೆಗೆ ಹೋಗಿತ್ತು. ಅಲ್ಲಿಂದ ಮುಂದೆ ಹಲಗೆ ಹತ್ತುವ ಮೊದಲೇ ಒಬ್ಬೊಬ್ಬ ಡ್ರೈವರನೂ ತಲೆ ಹೊರಗೆ ಹಾಕಿ "ಬರ್ತೀನ್ರೀ" ಅಂತ ಕೂಗಿಕೊಂಡೇ ಬರತೊಡಗಿದ. ಪಾರ್ಟಿಯ ಹಿರಿಯರು ಕಣ್ಣು ಒರೆಸಿಕೊಂಡು ನಗುತ್ತಿದ್ದರು. "ಎಲ್ಲಾ ಮೈನ್ಸಿನಲ್ಲಿ ಜಲ್ದಿ ಹೋಗು ಅಂತಾರೆ. ತಿರುಗಿ ಬಾ ಅನ್ನೋರನ್ನ ಇಲ್ಲೇ ನೋಡಿದ್ದು. ಇವರನ್ನ ಎಲ್ಲಿಂದ ತಂದ್ರಿ?" ಅಂದರು.

"ಹಳಬರು. ಬಿಟ್ಟುಕೊಡಂಗಿಲ್ರಿ," ಅಂದರು ಸಾಹುಕಾರರು, ನಿಂಬೆಹಣ್ಣು ಕಟ್ಟಿದ್ದು ತಾವೇ ಅಲ್ಲ ಅನ್ನುವ ಹಾಗೆ.

ಆಚಾರ್ರು ಶಾಲು ಸರಿ ಮಾಡಿಕೊಂಡು ಮುಂದಿನ ಲಾರಿ ಕರೆದರು.

ಮರುವಾರ ಹೋದಾಗ ವೇಬ್ರಿಜ್ ಮುಂದೆ ಹೊಸ ಬೋರ್ಡು. ಸಾಹುಕಾರರೇ ಪೇಂಟರನ್ನು ಕರೆಸಿ ದಪ್ಪ ಅಕ್ಷರದಲ್ಲಿ ಬರೆಸಿದ್ದರು: 'ಲಾರಿ ತುಂಬಿರಲಿ. ಬಾಯಿ ಖಾಲಿ ಇರಲಿ. ಆಚಾರ್ರ ಅಪ್ಪಣೆ ಮೇರೆಗೆ.'